ತಮ್ಮನಿಗೆ 31 ವರ್ಷ, ರಕ್ತ ಕಡಿಮೆ ಅಂತ ಕೊಲೊನೋಸ್ಕೋಪಿ ಮಾಡಿಸಬೇಕಾ?

ತಮ್ಮನ ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಕಬ್ಬಿಣದ ಮಾತ್ರೆ ತಗೊಂಡರೆ ಏರುತ್ತದೆ, ಬಿಟ್ಟರೆ ಮತ್ತೆ ಅಷ್ಟೇ. ಹೊಟ್ಟೆನೋವಿಲ್ಲ, ಮಲದಲ್ಲಿ ರಕ್ತ ಕಂಡಿಲ್ಲ. ಡಾಕ್ಟರು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಟೆಸ್ಟು) ಅಂದರು. ಮನೆಯವರು, ‘ಈ ವಯಸ್ಸಿಗೆ ಕರುಳಿನ ಕ್ಯಾನ್ಸರಾ? ಸುಮ್ನೆ ದುಡ್ಡು ದಂಡ’ ಅನ್ನುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

ಉತ್ತರ 1
ಮಾಡಿಸಿಬಿಡಿ. ನಮ್ಮೆಜಮಾನರಿಗೆ 34ರಲ್ಲಿ ಹೀಗೇ ಶುರುವಾಯಿತು. ಎರಡನೇ ಮಹಡಿ ಹತ್ತುವಷ್ಟರಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದರು. ಬೀಟ್‌ರೂಟು, ಖರ್ಜೂರ, ನುಗ್ಗೆಸೊಪ್ಪು ಎಲ್ಲಾ ಆಯಿತು. ಗಂಟು ಇದ್ದದ್ದು ದೊಡ್ಡ ಕರುಳಿನ ಬಲಭಾಗದಲ್ಲಿ. ಅಲ್ಲಿ ಕರುಳು ಅಗಲ, ಮಲ ಇನ್ನೂ ನೀರುನೀರು. ಹಾಗಾಗಿ ಬೇಗ ಕಟ್ಟಿಕೊಳ್ಳುವುದಿಲ್ಲ, ನೋವೂ ಇರುವುದಿಲ್ಲ. ರಕ್ತ ಸ್ವಲ್ಪಸ್ವಲ್ಪವೇ ಜಿನುಗಿ ಮಲದಲ್ಲಿ ಬೆರೆತುಹೋಗುತ್ತದೆ. ಗಂಡಸರಿಗೆ ಮುಟ್ಟಿಲ್ಲವಲ್ಲ, ಮತ್ತೆ ರಕ್ತ ಹೋಗುತ್ತಿರುವುದು ಎಲ್ಲಿಂದ ಅಂತ ಹುಡುಕಲೇಬೇಕು ಅಂದರು ಡಾಕ್ಟರು.

ಟೆಸ್ಟಿಗೆ ಕೆಲವು ದಿನ ಮೊದಲೇ ಕಬ್ಬಿಣದ ಮಾತ್ರೆ ನಿಲ್ಲಿಸಬೇಕಾ ಅಂತ ಕೇಳಿಕೊಳ್ಳಿ. ಮಲ ಕಪ್ಪಾಗಿ ಅಂಟಿಕೊಂಡರೆ ಒಳಗೆ ಸರಿಯಾಗಿ ಕಾಣುವುದಿಲ್ಲ. ಹೊಟ್ಟೆ ಖಾಲಿ ಮಾಡುವ ಆ ಔಷಧಿ ಕುಡಿಯುವುದೇ ಕಷ್ಟ, ಟೆಸ್ಟು ಏನೂ ಅಲ್ಲ.

ಉತ್ತರ 2
ನನಗೆ 29. ಅಪೆಂಡಿಕ್ಸ್ ಅಂತಲೇ ಆಪರೇಷನ್ ಮಾಡಿದ್ದು. ತೆಗೆದದ್ದನ್ನು ಲ್ಯಾಬಿಗೆ ಕಳಿಸಿದ ಮೇಲೆ ಕ್ಯಾನ್ಸರ್ ಅಂತ ಗೊತ್ತಾಯಿತು. ಬಯಾಪ್ಸಿ ರಿಪೋರ್ಟು ಕೇಳಿ ಇಸ್ಕೊಳ್ಳಿ, ಯಾವ ಆಪರೇಷನ್ ಆದರೂ.

ಉತ್ತರ 3
ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್. ಗಾಬರಿ ಬೇಡ, ರಕ್ತ ಕಡಿಮೆ ಇರುವ ಹೆಚ್ಚಿನ ಹುಡುಗರಿಗೆ ಕ್ಯಾನ್ಸರ್ ಇರುವುದಿಲ್ಲ. ಹೊಟ್ಟೆಹುಣ್ಣು, ಕೊಕ್ಕೆಹುಳು, ಕರುಳಿನ ಟಿಬಿ, ಏನು ಬೇಕಾದರೂ ಇರಬಹುದು. ಟಿಬಿಯಂತೂ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಥರವೇ ಕಾಣಬಹುದು, ಚೂರು ತೆಗೆದು ಪರೀಕ್ಷಿಸಬೇಕು.

ಆದರೆ ವಯಸ್ಸಿನ ಮಾತು ಬಿಡಿ. ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್‌ಗೆ ಕರುಳಿನ ಕ್ಯಾನ್ಸರ್ ಅಂತ 2016ರಲ್ಲಿ ಗೊತ್ತಾದಾಗಲೇ ಮೂರನೇ ಹಂತ, 2020ರಲ್ಲಿ ತೀರಿಕೊಂಡಾಗ 43. ಅಮೆರಿಕದಲ್ಲಿ ತೊಂದರೆ ಇಲ್ಲದವರಿಗೂ ಟೆಸ್ಟು ಶುರುಮಾಡುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. ನಿಮ್ಮ ತಮ್ಮನದು ಹಾಗೆ ಸುಮ್ನೆ ಮಾಡಿಸುವ ಟೆಸ್ಟೂ ಅಲ್ಲ, ಕಾರಣ ಇದೆ. ಇನ್ನು ರಕ್ತ ಕಂಡರೂ ಪೈಲ್ಸ್ ಅಂತ ಮುಲಾಮು ಹಚ್ಚಿಕೊಂಡು ತಿಂಗಳುಗಟ್ಟಲೆ ಕೂರುವವರು ಬೇರೆ!

ಮನೆತನದಲ್ಲಿ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಇತ್ತಾ? ಲಿಂಚ್ ಸಿಂಡ್ರೋಮ್ ಅಂತಿದೆ, ವಂಶದಲ್ಲಿ ಬರುತ್ತದೆ. ಎರಡೂ ಕ್ಯಾನ್ಸರ್ ಅದರಲ್ಲಿ ಚಿಕ್ಕ ವಯಸ್ಸಿಗೇ ಬರಬಹುದು.

ಪ್ರಶ್ನೆ ಕೇಳಿದವರು
ಸೋದರತ್ತೆಗೆ ಗರ್ಭಕೋಶದ್ದು ಇತ್ತು, ಆಗ ಅವರಿಗೆ 42. ಇದನ್ನು ಡಾಕ್ಟರಿಗೆ ಯಾರೂ ಹೇಳಿಲ್ಲ. ಇವತ್ತೇ ಫೋನ್ ಮಾಡಿ ಹೇಳುತ್ತೇನೆ, ಕೊಲೊನೋಸ್ಕೋಪಿಗೂ ಡೇಟ್ ತಗೊಳ್ಳುತ್ತೇನೆ.