15 ಪೌಂಡ್ ಪ್ರೆಶರ್ ಬರುತ್ತಿದೆ, ಆದರೂ ಜೋಳದ ಚೀಲ ಹಾಳಾಗ್ತಿದೆ

ಚಿಪ್ಪಣಬೆ_ತುಮಕೂರು:
ತಲೆ ಕೆಟ್ಟುಹೋಗಿದೆ. ಸ್ಪಾನ್ (ಅಣಬೆ ಬೀಜ) ಮಾಡೋಕೆ ಜೋಳದ ಚೀಲ ಆಟೋಕ್ಲೇವ್‌ಗೆ, ಅಂದ್ರೆ ಆವಿ ಪ್ರೆಶರಲ್ಲಿ ಕ್ರಿಮಿ ಕೊಲ್ಲೋ ಪಾತ್ರೆಗೆ, ಹಾಕ್ತೇನೆ. 15 ಪೌಂಡ್ ಬರುತ್ತದೆ, ಒಂದೂವರೆ ಗಂಟೆ ಅಲ್ಲೇ ನಿಲ್ಲುತ್ತದೆ. ಆದರೂ ನಾಲ್ಕೈದು ದಿನಕ್ಕೆ ತಳದ ಚೀಲಗಳ ಜೋಳ ಲೋಳೆಯಾಗಿ ಹುಳಿ ವಾಸನೆ. ಯಾಕೆ?

ಉಗಿ_ಯಂತ್ರ:
ಗ್ಯಾಸ್ಕೆಟ್. ನೂರಕ್ಕೆ ನೂರು ಗ್ಯಾಸ್ಕೆಟ್. ಬದಲಾಯಿಸಿ.

ಚಿಪ್ಪಣಬೆ_ತುಮಕೂರು:
ಗ್ಯಾಸ್ಕೆಟ್ ಹೊಸದು ಸರ್. ಒಂದು ಹನಿಯೂ ಸೋರಲ್ಲ.

ಉಗಿ_ಯಂತ್ರ:
ಹೊಸದಾದರೂ ಕೂತಿರಲ್ಲ. ರೆಕ್ಕೆ ನಟ್ಟುಗಳನ್ನ ಎದುರುಬದುರು ಬಿಗಿದ್ರಾ, ಇಲ್ಲಾ ಒಂದರ ಪಕ್ಕ ಒಂದು ಅಂತ ಸುತ್ತಿಕೊಂಡು ಬಂದ್ರಾ?

ಬೋರ್‌ವೆಲ್_ನೀರು:
ನೀರು ಯಾವುದು? ಗಡುಸು ನೀರಾದರೆ ಹೀಟರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಆವಿ ನಿಧಾನ. ಇನ್ನೊಂದು, ನಡುವೆ ಹೀಟರ್ ಆಫ್ ಆಗ್ತಿದ್ದರೆ ಲೋ-ವಾಟರ್ ಕಟಾಫ್ (ನೀರು ಕಮ್ಮಿಯಾದರೆ ಹೀಟರ್ ಆರಿಸೋ ಸ್ವಿಚ್) ಬೈಪಾಸ್ ಮಾಡಿ. ನಮ್ಮಲ್ಲಿ ಹಾಗೇ ನಡೆಯುತ್ತಿದೆ.

ಲ್ಯಾಬ್_ಅಕ್ಕ:
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ನೀರು ಕಾಯಿಲ್‌ಗಿಂತ ಕೆಳಗಿಳಿದರೆ ಹೀಟರ್ ಸುಟ್ಟೇ ಹೋಗುತ್ತದೆ. ಕಟಾಫ್ ಇರುವುದೇ ಅದಕ್ಕೆ. ಸೇಫ್ಟಿ ವಾಲ್ವ್‌ಗೆ ತಂತಿ ಕಟ್ಟುವವರನ್ನೂ ನೋಡಿದ್ದೇನೆ, ಭಯವಾಗುತ್ತದೆ.
ತುಮಕೂರಿನವರೇ, ಥರ್ಮಾಮೀಟರ್ ಎಷ್ಟು ತೋರಿಸುತ್ತದೆ? ಗಾಳಿ ಬಿಡುವ ಕಾಕ್ ಯಾವಾಗ ಮುಚ್ಚುತ್ತೀರಿ?

ಚಿಪ್ಪಣಬೆ_ತುಮಕೂರು:
ಥರ್ಮಾಮೀಟರ್ ಕೆಟ್ಟಿದೆ ಅಕ್ಕ, 112 ಡಿಗ್ರಿಗೇ ನಿಲ್ಲುತ್ತದೆ. ಅದನ್ನ ನಂಬಲ್ಲ. ಕಾಕ್ ಮೊದಲಿಂದಲೂ ಮುಚ್ಚಿರುತ್ತೆ. ಆವಿ ಸುಮ್ನೆ ಹೋಗಬಾರದಲ್ವಾ?

ಲ್ಯಾಬ್_ಅಕ್ಕ:
ಥರ್ಮಾಮೀಟರ್ ಸರಿಯಾಗೇ ಇದೆ! ಒಳಗೆ ಗಾಳಿ ಉಳಿದಿದೆ. ಪ್ರೆಶರ್ ಮುಳ್ಳು ತೋರಿಸುವ 15 ಪೌಂಡಲ್ಲಿ ಗಾಳಿಯ ಪಾಲೂ ಇದೆ. ಗಾಳಿ ಪೂರ್ತಿ ಹೋದರೆ 121 ಡಿಗ್ರಿ. ಅರ್ಧ ಉಳಿದರೆ 112. ಜೋಳದೊಳಗಿನ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಣ ಅಷ್ಟಕ್ಕೆ ಸಾಯಲ್ಲ. ಗಾಳಿ ಆವಿಗಿಂತ ಭಾರ, ಅದಕ್ಕೇ ತಳದ ಚೀಲ ಮೊದಲು ಕೆಡುತ್ತದೆ.
ಕಾಕ್ ತೆರೆದಿಟ್ಟೇ ಹೀಟರ್ ಹಾಕಿ. ಮೊದಲು ಬುಸ್ ಬುಸ್ ಅಂತ ನೀರಹನಿ ಉಗುಳುತ್ತದೆ. ಆಮೇಲೆ ತಡೆಯಿಲ್ಲದೆ ಒಂದೇ ಸಮ ಹೊರಡುತ್ತದೆ, ಬಾಯಿಯ ಹತ್ತಿರ ಕಾಣಿಸದೆ ಬೆರಳುದ್ದ ದೂರದಲ್ಲಿ ಬೆಳ್ಳಗಾಗುತ್ತದೆ. ಕೈ ಒಡ್ಡಬೇಡಿ. ಹಾಗೆ ಹತ್ತು ನಿಮಿಷ ಬಿಟ್ಟು ಮುಚ್ಚಿ. ಟೈಮ್ ಲೆಕ್ಕ 121 ಮುಟ್ಟಿದ ಮೇಲೆ. ಚೀಲ ಒತ್ತಿ ತುಂಬಬೇಡಿ.

ಉಗಿ_ಯಂತ್ರ:
ಗ್ಯಾಸ್ಕೆಟ್ ಒಮ್ಮೆ ನೋಡಿಬಿಡಿ ಅಂತ ನಾನು ಈಗಲೂ ಹೇಳುತ್ತೇನೆ.

ದೊಡ್ಡ_ಸೆಟಪ್:
ನಮ್ಮದು ಅಡ್ಡ ಮಾದರಿ, ಬಾಯ್ಲರ್ ಬೇರೆ, ವ್ಯಾಕ್ಯೂಮ್ ಪಂಪ್ ಗಾಳಿಯನ್ನ ತಾನೇ ಎಳೆಯುತ್ತದೆ. ಪ್ರೆಶರ್ ಪೂರ್ತಿ ಇಳಿಯದೆ ಬಾಗಿಲೇ ತೆರೆಯಲ್ಲ. ಫೋಟೋ ಹಾಕ್ತೇನೆ.

ಬೋರ್‌ವೆಲ್_ನೀರು:
ಹಾಕಿ ಗುರು. ಎಷ್ಟಾಯ್ತು?

ಕೊಡಗು_ಅಣಬೆ:
ಅಕ್ಕ, ನಮ್ಮದು ಮಡಿಕೇರಿ. ಗಾಳಿ ಪೂರ್ತಿ ಬಿಟ್ಟರೂ 15 ಪೌಂಡಿಗೆ 119ರ ಹತ್ತಿರವೇ ನಿಲ್ಲುತ್ತದೆ. ಎತ್ತರದ ಊರು, ಅದಕ್ಕಾ? 17ಕ್ಕೆ ಏರಿಸಲಾ, ಟೈಮ್ ಜಾಸ್ತಿ ಮಾಡಲಾ?

ಲ್ಯಾಬ್_ಅಕ್ಕ:
ಎತ್ತರಕ್ಕೇ. ಏರಿಸುವ ಮುಂಚೆ ನಿಮ್ಮ ಸೇಫ್ಟಿ ವಾಲ್ವ್ ಎಷ್ಟಕ್ಕೆ ಸೆಟ್ ಆಗಿದೆ ಹೇಳಿ. ಪಾತ್ರೆಯ ಮೇಲಿನ ತಗಡಿನಲ್ಲಿ ಗರಿಷ್ಠ ಪ್ರೆಶರ್ ಬರೆದಿರುತ್ತದೆ, ಅದನ್ನೂ ಹಾಕಿ.