ಬ್ರೇಕ್ ಆಯಿಲ್‌ಗೆ ‘ಎಣ್ಣೆ’ ಅನ್ನಬಹುದಾ?

ಗೆಳೆಯರೇ,

ಕಾರಿನ ಬ್ರೇಕ್ ಆಯಿಲ್ ಬಗ್ಗೆ ಎರಡು ಪುಟದ ಬರಹ ಬರೆಯುತ್ತಿದ್ದೇನೆ. ಓದಿದವರು ತಾವೇ ಬಾನೆಟ್ ಎತ್ತಿ ನೋಡುವ ಹಾಗಿರಬೇಕು ಅನ್ನೋದು ನನ್ನ ಆಸೆ. ಮೂರು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಹೆಸರೇ. ಗ್ಯಾರೇಜಿನಲ್ಲಿ, ಅಂಗಡಿಯಲ್ಲಿ ಎಲ್ಲರೂ ಹೇಳೋದು ‘ಬ್ರೇಕ್ ಆಯಿಲ್’. ಡಬ್ಬಿಯ ಮೇಲಿರೋದು ‘ಬ್ರೇಕ್ ಫ್ಲೂಯಿಡ್’. ನಾನು ಸುಮ್ನೆ ‘ಬ್ರೇಕ್ ಎಣ್ಣೆ’ ಅಂತ ಬರೆದುಬಿಟ್ಟಿದ್ದೆ. ಆಮೇಲೆ ಭಾವನ ಕಾರು ನೆನಪಾಯಿತು. ‘ಬ್ರೇಕ್ ಆಯಿಲ್ ಕಮ್ಮಿ ಇದೆ, ಸ್ವಲ್ಪ ಹಾಕ್ಕೊಳ್ಳಿ’ ಅಂತ ಯಾರೋ ಹೇಳಿದ್ದಕ್ಕೆ, ಭಾವ ಮನೆಯಲ್ಲಿ ಮಿಕ್ಕಿದ್ದ ಇಂಜಿನ್ ಆಯಿಲ್ ಸುರಿದಿದ್ದರು. ಆಯಿಲ್ ಅಂದ್ರೆ ಆಯಿಲ್ ಅಲ್ವಾ? ಬ್ರೇಕಿನೊಳಗಿನ ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಬ್ರೇಕ್ ಕಚ್ಚಿಕೊಂಡಿತು. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಹಿಡಿದು ನಾಲ್ಕೂ ಚಕ್ರದ ಸೀಲಿನ ತನಕ ಬದಲಾಯಿಸಬೇಕಾಯಿತು. ಯಾಕೆಂದರೆ ಇದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಈಥರ್ ಜಾತಿಯ ರಾಸಾಯನಿಕ. ನೀರಿನ ಜೊತೆ ಸಲೀಸಾಗಿ ಬೆರೆಯುತ್ತದೆ. ಯಾವ ಎಣ್ಣೆ ಹಾಗೆ ಬೆರೆಯುತ್ತದೆ ಹೇಳಿ?

‘ತೈಲ’ ಅಂದರೂ ಅದೇ ಕತೆ. ಎಳ್ಳಿನ ನೆಯ್ ಎಣ್ಣೆಯಾಯಿತು, ತಿಲದಿಂದ ತೈಲ ಬಂತು. ಎರಡೂ ಹೊರಟಿದ್ದು ಎಳ್ಳಿನಿಂದಲೇ. ಸೀಮೆಎಣ್ಣೆ ತನಕ ಪದ ಹಿಗ್ಗಿದ್ದಕ್ಕೆ ನನ್ನ ತಕರಾರಿಲ್ಲ. ಇಲ್ಲಿಗೂ ಹಿಗ್ಗಿಸಿದರೆ ಬ್ರೇಕ್ ಕೆಡುತ್ತದೆ. (ಈಗಿನ ಹುಡುಗರಿಗೆ ‘ಎಣ್ಣೆ ಹಾಕೋದು’ ಅಂದರೆ ಬೇರೆಯೇ ಅರ್ಥ. ಗಾಡಿ ಓಡಿಸುವವರಿಗೆ ಅದೂ ಆಗಬಾರದು.) ‘ಬ್ರೇಕ್ ದ್ರವ’ ಅರ್ಥಕ್ಕೆ ಸರಿ. ಆದರೆ ಅಂಗಡಿಗೆ ಹೋಗಿ ಹಾಗೆ ಕೇಳಿದವನ ಮುಖ ನೋಡುತ್ತಾರೆ. ಸದ್ಯಕ್ಕೆ ‘ಬ್ರೇಕ್ ಆಯಿಲ್’ ಅಂತಲೇ ಇಟ್ಟು, ‘ಹೆಸರಿಗೆ ಆಯಿಲ್, ಎಣ್ಣೆ ಅಲ್ಲ’ ಅಂತ ಮೊದಲ ಸಾಲಿನಲ್ಲೇ ಹೇಳಿದ್ದೇನೆ.

ಎರಡನೆಯದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವ ಅದರ ಗುಣ. ‘ಆರ್ದ್ರತಾಗ್ರಾಹಿ’ ಅಂತ ಬರೆದು ನಾನೇ ಹೊಡೆದುಹಾಕಿದೆ. ಹೋದ ಮಳೆಗಾಲ ಆಗುಂಬೆ ಘಾಟಿ ಇಳಿಯುತ್ತಿದ್ದೆವು. 14 ತಿರುವಿಗೂ ಬ್ರೇಕ್ ಒತ್ತಿ ಒತ್ತಿ, ಕೆಳಗೆ ಬರುವ ಹೊತ್ತಿಗೆ ಪೆಡಲ್ ಮೆತ್ತಗಾಗಿತ್ತು, ನೆನೆದ ಹಾಸಿಗೆ ತುಳಿದ ಹಾಗೆ. ಘಟ್ಟದ ಕೆಳಗಿನ ಗ್ಯಾರೇಜಿನವರು ಬಾನೆಟ್ ಎತ್ತಿದರು. ಬ್ರೇಕ್ ಆಯಿಲಿನ ಬಿಳಿ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಸರಿಯಾಗೇ ಇತ್ತು. ತಿಳಿ ಜೇನಿನ ಬಣ್ಣ ಇರಬೇಕಾದ್ದು ಮಾತ್ರ ಕಷಾಯದ ಹಾಗಾಗಿತ್ತು. ‘ಆಯಿಲ್ ನೀರು ಕುಡಿದಿದೆ ಮಾರಾಯ್ರೆ, ಚೇಂಜ್ ಮಾಡಿ ಎಷ್ಟು ವರ್ಷ ಆಯ್ತು?’ ಅಂದರು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನನ್ನದು ಐದಾಗಿತ್ತು.

ನೀರು ಕುಡಿಯೋದು! ಮಣ್ಣಿನ ಗೋಡೆ ಕುಡಿಯುತ್ತದೆ, ಹಂಚು ಕುಡಿಯುತ್ತದೆ, ಮಳೆಗಾಲದಲ್ಲಿ ಬಾಗಿಲು ಕುಡಿದು ಉಬ್ಬುತ್ತದೆ. ‘ನೀರೊಡೆಯೋದು’ ಆಗಬಹುದಾ ಅಂತಲೂ ಯೋಚಿಸಿದೆ. ಆದರೆ ಉಪ್ಪು ನೀರೊಡೆದರೆ ಕಣ್ಣಿಗೆ ಕಾಣುತ್ತದೆ, ಬೆಲ್ಲ ಪಸೆ ಬಿಟ್ಟರೆ ಕೈಗೆ ಅಂಟುತ್ತದೆ. ಬ್ರೇಕ್ ಆಯಿಲ್ ನೀರನ್ನು ಒಳಗೇ ಇಟ್ಟುಕೊಂಡು ಸುಮ್ಮನಿರುತ್ತದೆ. ಹಾಗಾಗಿ ನನ್ನ ಓಟು ‘ಕುಡಿ’ಗೆ.

ಇದರ ಬಾಲವೇ ಇನ್ನೊಂದು ತೊಡಕು. ‘ಡಾಟ್ 4’ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. 3.7% ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಒಳಗೆ ಆವಿಯ ಗುಳ್ಳೆ ಎದ್ದರೆ, ನಾವು ತುಳಿದ ಬಲವೆಲ್ಲ ಆ ಗುಳ್ಳೆ ಅದುಮುವುದಕ್ಕೇ ಹೋಗುತ್ತದೆ. ಈ ಎರಡು ಅಂಕಿಗೆ ಇಂಗ್ಲಿಷಿನವರು ‘ಡ್ರೈ’, ‘ವೆಟ್’ ಅಂತಾರೆ. ‘ಒಣ ಕುದಿಬಿಂದು, ಹಸಿ ಕುದಿಬಿಂದು’ ಅಂದರೆ ಅಡುಗೆಮನೆ ನೆನಪಾಗುತ್ತದೆ. ‘ನೀರು ಕುಡಿದ ಮೇಲಿನ ಕುದಿಬಿಂದು’ ಉದ್ದವಾಯಿತಾ? ಅಂದಹಾಗೆ, ಡಾಟ್ ಅಂದರೆ ಚುಕ್ಕೆ ಅಲ್ಲ, ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು.

ಮೂರನೆಯದು ‘ಬ್ಲೀಡ್’, ಅಂದರೆ ಬ್ರೇಕಿನ ಪೈಪುಗಳೊಳಗಿನ ಗಾಳಿಯನ್ನೋ ಹಳೇ ಆಯಿಲನ್ನೋ ಹೊರಗೆ ತೆಗೆಯೋದು. ಮೊಬೈಲಿನ ಅನುವಾದ ‘ಬ್ರೇಕ್ ರಕ್ತಸ್ರಾವ’ ಅಂದಿತು. ಗ್ಯಾರೇಜಿನಲ್ಲಿ ನಡೆದದ್ದು ಹೀಗೆ: ನಾನು ಸೀಟಿನಲ್ಲಿ, ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟು; ಅವರು ಹಿಂದಿನ ಎಡ ಚಕ್ರದ ಹತ್ತಿರ. ಅಲ್ಲಿ ಆಯಿಲ್ ಹೊರಬಿಡುವ ಸಣ್ಣ ತಿರುಪಿಗೆ ನಿಪ್ಪಲ್ ಅಂತಾರೆ. ನಿಪ್ಪಲ್‌ಗೆ ಸಿಕ್ಕಿಸಿದ ಪೈಪಿನ ತುದಿ ಖಾಲಿ ಬಾಟ್ಲಿಯಲ್ಲಿ. ‘ಹೊಡೀರಿ, ಹೊಡೀರಿ, ಹೊಡೀರಿ, ಹಿಡ್ಕೊಳ್ಳಿ!’ ಅಂದು ನಿಪ್ಪಲ್ ಸಡಿಲಿಸುವರು. ಪೆಡಲ್ ಕೆಳಗೆ ಹೋಗುವುದು, ಕಪ್ಪು ಆಯಿಲ್ ಬಾಟ್ಲಿಗೆ ಇಳಿಯುವುದು. ನಿಪ್ಪಲ್ ಬಿಗಿ ಮಾಡಿದ ಮೇಲೆ ‘ಈಗ ಬಿಡಿ’. ಇದಕ್ಕೆ ಅವರ ಮಾತು ‘ಏರ್ ತೆಗೆಯೋದು’. ಗಾಳಿ ಸೇರಿದ್ದರೆ ಆ ಮಾತು ಅಚ್ಚುಕಟ್ಟು. ಆದರೆ ಹಳೇ ಆಯಿಲ್ ಬದಲಾಯಿಸುವಾಗ ಗಾಳಿಯೇ ಇಲ್ಲದಿರಬಹುದಲ್ಲ?

‘ಬಸಿಯೋದು’ ಅನ್ನೋಣ ಅಂದುಕೊಂಡೆ, ಗಂಜಿ ಬಸಿದ ಹಾಗೆ. ಅದರಲ್ಲೂ ಮೋಸವಿದೆ. ಬಸಿ ಅಂದರೆ ಓದುಗ ಪೂರ್ತಿ ಬಸಿದೇಬಿಡುತ್ತಾನೆ. ಇಲ್ಲಿ ಮೇಲಿನ ಡಬ್ಬಿ ಒಂದು ಕ್ಷಣವೂ ಖಾಲಿಯಾಗಬಾರದು, ಖಾಲಿಯಾದರೆ ಗಾಳಿ ಒಳಗೆ ಹೋಗುತ್ತದೆ. ಮೇಲಿಂದ ಹೊಸದು ಸುರಿಯುತ್ತಾ ಇರಬೇಕು, ಹಳೆಯದು ಪೆಡಲಿನ ಒತ್ತಡಕ್ಕೆ ಹೊರಗೆ ಹೋಗುತ್ತಾ ಇರಬೇಕು. ಇದಕ್ಕೊಂದು ಕ್ರಿಯಾಪದ ಬೇಕು. ತೋಟಕ್ಕೆ ನೀರು ಕಟ್ಟುವವರ ಹತ್ತಿರ ಇರಬಹುದು ಅಂತ ನನ್ನ ಅನುಮಾನ. ಹುಬ್ಬಳ್ಳಿ, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಏನಂತಾರೆ? ಆ ಕಡೆಯವರು ಮುಂದಿನ ಸರ್ವಿಸಿಗೆ ಹೋದಾಗ ಸ್ವಲ್ಪ ಕಿವಿಗೊಟ್ಟು ಕೇಳಿ ಬನ್ನಿ.