ಹಳೇ ಕಾರಿನ ಬಾಗಿಲಿನಲ್ಲಿ ಜಾಲರಿ ಯಾಕಿದೆ? ಮುಚ್ಚಿಬಿಡಲಾ?

ಪ್ರಶ್ನೆ (ಕಲಬುರಗಿ, ಸೇಡಂ ರಸ್ತೆ):
ಉಸ್ತಾದ್ ಕಾಕಾ, ನಮಸ್ಕಾರ್ರೀ. ಅಪ್ಪಾಜಿಯವರ ಹಳೇ ಕಾರು ಈಗ ನಾನು ಓಡಿಸುತ್ತಿದ್ದೇನೆ. ಅದರ ಬಾಗಿಲಿನ ಒಳಗಡೆ ಪ್ಯಾಡ್‌ನಲ್ಲಿ, ಹಿಂಭಾಗಕ್ಕೆ, ಉದ್ದುದ್ದ ಸೀಳು ಬಿಟ್ಟಿದ್ದಾರೆ. ಬಾಗಿಲು ತೆರೆದು ನೋಡಿದರೆ ಲಾಕ್ ಇರುವ ಅಂಚಿನಲ್ಲೂ ಒಂದು ಸಣ್ಣ ಜಾಲರಿ, ಅದರ ಹಿಂದೆ ತೆಳ್ಳಗಿನ ರಬ್ಬರ್ ಪಟ್ಟಿ. ಫೋಟೋ ಹಾಕಿದ್ದೇನೆ. ನಮ್ಮ ರಸ್ತೆಯಲ್ಲಿ ಲಾರಿಗಳದ್ದೇ ಧೂಳು. ಸೀಟಿನ ಮೇಲೆಲ್ಲ ಕೂರುತ್ತದೆ. ಧೂಳು ಇಲ್ಲಿಂದಲೇ ಬರುತ್ತಿದೆ ಅಂತ ನನ್ನ ಅನುಮಾನ. ಎಂ-ಸೀಲ್ ಹಾಕಿ ಮುಚ್ಚಿಬಿಡಲಾ?

ಉತ್ತರ (ಬಾಡಿ ಮತ್ತು ಎಸಿ ಕೆಲಸ, ಹುಮನಾಬಾದ್ ರಸ್ತೆ):
ದಯವಿಟ್ಟು ಮುಚ್ಚಬೇಡಪ್ಪ. ಫೋಟೋ ನೋಡಿದೆ. ಅದು ಗಾಳಿ ಒಳಗೆ ಬರುವ ದಾರಿ ಅಲ್ಲ, ಹೊರಗೆ ಹೋಗುವ ದಾರಿ.

ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಮುಗಿಯುವ ಕಡೆ, ಗಾಳಿ ಒಳಗೆ ಬರುವ ಜಾಗ ಇರುತ್ತದೆ. ಕಾರು ಓಡುವಾಗ ಅಲ್ಲಿ ಗಾಳಿಯ ಒತ್ತಡ ಜಾಸ್ತಿ, ಹಾಗಾಗಿ ಅದು ತಾನಾಗೇ ಒಳಗೆ ನುಗ್ಗುತ್ತದೆ. ಕಾರಿನ ಪಕ್ಕಗಳಲ್ಲಿ ಒತ್ತಡ ಕಡಿಮೆ, ಅಲ್ಲಿ ಗಾಳಿ ಹೊರಗೆ ಎಳೆದುಕೊಳ್ಳುತ್ತದೆ. ಒಳಗೆ ಬಂದ ಗಾಳಿ ನಿಮ್ಮ ಮೈ ಮೇಲೆ ಹಾದು, ಪ್ಯಾಡ್‌ನ ಸೀಳಿನಿಂದ ಬಾಗಿಲಿನ ಪೊಳ್ಳಿಗೆ ಇಳಿದು, ಅಂಚಿನ ಜಾಲರಿಯಿಂದ ಹೊರಗೆ ಹೋಗುತ್ತದೆ. ಆ ಜಾಲರಿ ಬೀಡಿಂಗ್ (ಬಾಗಿಲ ಸಂದಿ ಮುಚ್ಚುವ ರಬ್ಬರ್ ಅಂಚು) ಕೂರುವ ಗೆರೆಯಿಂದ ಆಚೆಗೆ ಇದೆ, ಗಮನಿಸಿ. ಬಾಗಿಲು ಹಾಕಿದ ಮೇಲೂ ಗಾಳಿಗೆ ದಾರಿ ಇರಲಿ ಅಂತಲೇ ಹಾಗೆ ಇಟ್ಟಿರುತ್ತಾರೆ. ಮುಂಬಾಗಿಲು ತೆರೆದಿಟ್ಟು ಹಿತ್ತಲ ಬಾಗಿಲು ಹಾಕಿದರೆ ಮನೆಯಲ್ಲಿ ಗಾಳಿ ಆಡುವುದಿಲ್ಲ, ಅಲ್ವಾ? ಇದೂ ಅಷ್ಟೇ.

ರಬ್ಬರ್ ಪಟ್ಟಿ ಒಂದೇ ಕಡೆಗೆ ತೆರೆಯುತ್ತದೆ. ಒಳಗಿನ ಒತ್ತಡ ಜಾಸ್ತಿಯಾದರೆ ಏಳುತ್ತದೆ, ಇಲ್ಲದಿದ್ದರೆ ಜಾಲರಿಗೆ ಅಂಟಿ ಕೂರುತ್ತದೆ. ಪಟ್ಟಿ ಸರಿ ಇದ್ದರೆ ಅಲ್ಲಿಂದ ಧೂಳು ಬರುವುದು ಕಷ್ಟ. ಒಂದು ಮಾತು ಹೇಳಿ: ಗಾಜು ಪೂರ್ತಿ ಏರಿಸಿಕೊಂಡು ಬಾಗಿಲು ಹಾಕಿದರೆ ಸಲೀಸಾಗಿ ಬೀಳುತ್ತದಾ?

ಪ್ರಶ್ನೆ ಕೇಳಿದವರು:
ಇಲ್ಲ ಕಾಕಾ. ಜೋರಾಗಿ ಬಡಿಯಬೇಕು, ಕಿವಿಗೆ ಗಾಳಿ ಹೊಡೆದ ಹಾಗಾಗುತ್ತದೆ. ಗಾಜು ಸ್ವಲ್ಪ ಇಳಿಸಿದ್ದರೆ ಆರಾಮಾಗಿ ಬೀಳುತ್ತದೆ. ಗಾಜು ಏರಿಸುವ ಮಷಿನ್ ಕೆಟ್ಟಿತ್ತು, ಒಂದು ಕಡೆ ಪ್ಯಾಡ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದೆ. ಆಮೇಲಿಂದ ಹೀಗೆ ಅಂತ ಕಾಣುತ್ತದೆ.

ಉತ್ತರ:
ಹಾಗಾದರೆ ರೋಗ ಸಿಕ್ಕಿತು. ನಿಮ್ಮ ದಾರಿ ಆಗಲೇ ಮುಚ್ಚಿದೆ. ಬಾಗಿಲು ರಪ್ಪನೆ ಬಂದಾಗ ಒಳಗಿನ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಹೋಗುವುದೂ ಇದೇ ಜಾಲರಿಗಳಿಂದ. ದಾರಿ ಇಲ್ಲದಿದ್ದರೆ ಬಾಗಿಲನ್ನೇ ವಾಪಸ್ ತಳ್ಳುತ್ತದೆ, ಕಿವಿಗೂ ಬಡಿಯುತ್ತದೆ.

ಪ್ಯಾಡ್ ಹಿಂದೆ ಒಂದು ಪಾಲಿಥಿನ್ ಹಾಳೆ ಅಂಟಿಸಿರುತ್ತಾರೆ. ಮಳೆ ನೀರು ಗಾಜಿನ ಜೊತೆ ಬಾಗಿಲಿನ ಒಳಗೆ ಇಳಿಯುವುದು ಸಹಜ, ಅದು ಪ್ಯಾಡ್‌ಗೆ ತಾಗದಿರಲಿ ಅಂತ ಈ ಹಾಳೆ. ಕಂಪನಿಯ ಹಾಳೆಯಲ್ಲಿ ಸೀಳಿನ ಎದುರಿಗೆ ಜಾಗ ಬಿಟ್ಟಿರುತ್ತಾರೆ. ರಿಪೇರಿಯಲ್ಲಿ ಅದು ಹರಿದರೆ ಸುಮ್ನೆ ಒಂದು ದೊಡ್ಡ ಹಾಳೆ ತಂದು ಪೂರ್ತಿ ಬಡಿದುಬಿಡುತ್ತಾರೆ. ನೀರು ನಿಲ್ಲುತ್ತದೆ ನಿಜ, ಗಾಳಿಯೂ ನಿಲ್ಲುತ್ತದೆ. ಇಂಥ ಕೆಲಸ ನನ್ನ ಹತ್ತಿರ ಬಹಳ ಬರುತ್ತದೆ, ನೋಡಿದರೆ ಬೇಜಾರಾಗುತ್ತದೆ.

ಇನ್ನೊಂದು ಪರೀಕ್ಷೆ ಮಾಡಿ. ಗಾಜು ಎಲ್ಲ ಏರಿಸಿ, ಹೊರಗಾಳಿ ಮೋಡ್‌ನಲ್ಲಿ ಬ್ಲೋವರ್ ಫುಲ್ ಇಡಿ. ಡ್ಯಾಶ್‌ಬೋರ್ಡಿನಲ್ಲಿ ಬ್ಲೋವರ್ ಗಾಳಿ ಬರುವ ಜಾಲರಿ ಮುಂದೆ ಕೈ ಹಿಡಿದುಕೊಂಡು ಇನ್ನೊಬ್ಬರಿಗೆ ಒಂದು ಗಾಜು ಎರಡು ಬೆರಳು ಇಳಿಸಲು ಹೇಳಿ. ಗಾಳಿ ತಟ್ಟನೆ ಜೋರಾದರೆ ಹೊರ ಹೋಗುವ ದಾರಿ ಕಟ್ಟಿದೆ ಅಂತಲೇ ಅರ್ಥ.

ಪ್ರಶ್ನೆ ಕೇಳಿದವರು:
ಮಾಡಿ ನೋಡಿದೆ. ಜೋರಾಯಿತು! ಆದರೆ ಕಾಕಾ, ಧೂಳು?

ಉತ್ತರ:
ಧೂಳಿನ ಕಥೆ ಬೇರೆ. ಒಳಗಿನ ಗಾಳಿಯನ್ನೇ ತಿರುಗಿಸುವ ಮೋಡ್‌ನಲ್ಲಿ ಓಡಿಸುತ್ತೀರಾ ಅಂತ ಕಾಣುತ್ತದೆ. ಆಗ ಕಾರಿನೊಳಗೆ ಒತ್ತಡ ಇರುವುದಿಲ್ಲ. ಬೀಡಿಂಗ್ ಎಲ್ಲಿ ಬಿರುಕು ಬಿಟ್ಟಿದೆಯೋ, ಡಿಕ್ಕಿ ಎಲ್ಲಿ ಸರಿ ಕೂತಿಲ್ಲವೋ ಅಲ್ಲಿಂದೆಲ್ಲ ಧೂಳು ನುಸುಳುತ್ತದೆ. ಕಾರಿನ ಹಿಂದೆ ಏಳುವ ಧೂಳು ಹಿಂಬದಿಗೇ ಸುತ್ತಿ ಬರುತ್ತದೆ, ಅದಕ್ಕೇ ಡಿಕ್ಕಿ ಬೀಡಿಂಗ್ ಮೊದಲು ನೋಡಿ. ಕಚ್ಚಾ ರಸ್ತೆಯಲ್ಲಿ ಗಾಜು ಏರಿಸಿ, ಹೊರಗಾಳಿ ಮೋಡ್‌ನಲ್ಲಿ ಬ್ಲೋವರ್ ಸಣ್ಣಗೆ ಇಟ್ಟುಕೊಳ್ಳಿ. ಒಳಗೆ ಸ್ವಲ್ಪ ಒತ್ತಡ ಇದ್ದರೆ ಸಂದಿಗಳಿಂದ ಗಾಳಿ ಹೊರಕ್ಕೇ ಹೋಗುತ್ತಿರುತ್ತದೆ, ಧೂಳು ಒಳಗೆ ಬರುವುದಿಲ್ಲ. ಎದುರಿಗೆ ಲಾರಿ ಎಬ್ಬಿಸಿದ ಧೂಳಿನ ಮೋಡವೇ ಇದ್ದರೆ ಮಾತ್ರ ಆ ಹೊತ್ತಿಗೆ ಒಳಗಾಳಿ ಮೋಡ್ ಹಾಕಿ, ದಾಟಿದ ಮೇಲೆ ಬದಲಿಸಿ.

ರಬ್ಬರ್ ಪಟ್ಟಿ ಗಟ್ಟಿಯಾಗಿದ್ದರೆ ಬದಲಿಸಿ. ನಮ್ಮ ಬಿಸಿಲಿಗೆ ರಬ್ಬರ್ ಸೆಟೆದುಕೊಳ್ಳುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಬೇಡಿ, ಅದು ದಪ್ಪ, ಮುರುಟುತ್ತದೆ, ಸಣ್ಣ ಗಾಳಿಗೆ ಏಳುವುದಿಲ್ಲ.

ಇನ್ನೊಬ್ಬರು (ಯಾದಗಿರಿ):
ನಮ್ಮ ಮಾವನವರ ಅಂಬಾಸಿಡರ್‌ನಲ್ಲಿ ಇಂಥದ್ದೇನೂ ನೋಡಿದ ನೆನಪಿಲ್ಲ ಸರ್. ಅದರಲ್ಲಿ ಹೇಗೆ?

ಉತ್ತರ:
ಅದರ ಮುಂದಿನ ಕಿಟಕಿಯಲ್ಲಿ ಒಂದು ತ್ರಿಕೋನದ ಗಾಜು ಇತ್ತು, ನೆನಪಿದೆಯಾ? ಪದ್ಮಿನಿಯಲ್ಲೂ ಇತ್ತು. ಸ್ವಲ್ಪ ತಿರುಗಿಸಿದರೆ ಹಿಂದಿನ ಅಂಚಿನಿಂದ ಗಾಳಿ ಹೊರಗೆ ಎಳೆಯುತ್ತಿತ್ತು, ಪೂರ್ತಿ ತಿರುಗಿಸಿದರೆ ಗಾಳಿ ಮುಖಕ್ಕೇ ಬರುತ್ತಿತ್ತು. ಗಾಜು ಮುಚ್ಚಿಕೊಂಡೇ ಗಾಳಿ ಆಡಿಸುವ ಪದ್ಧತಿ ಜನಕ್ಕೆ ಚೆನ್ನಾಗಿ ಪರಿಚಯವಾದದ್ದು ಬ್ರಿಟನ್ನಿನ ಫೋರ್ಡ್ ಕಾರ್ಟಿನಾದಿಂದ, 1964ರಲ್ಲಿ. ಏರೋಫ್ಲೋ ಅಂತ ಹೆಸರಿಟ್ಟಿದ್ದರು. ಅದರಲ್ಲಿ ಗಾಳಿ ಹೊರ ಹೋಗುವ ಜಾಲರಿ ಹಿಂದಿನ ಗಾಜಿನ ಪಕ್ಕದ ಕಂಬದಲ್ಲಿತ್ತು. ಕೆಲವು ಕಾರುಗಳಲ್ಲಿ ಅದು ಬಾಗಿಲಿಗೆ ಬಂತು. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಹಿಂದಿನ ಬಂಪರ್ ಮರೆಯಲ್ಲಿ ಇರುತ್ತದೆ. ಕಾಣುವುದಿಲ್ಲ, ಆದರೆ ಇದೆ.

ಮತ್ತೊಬ್ಬರು (ಬೀದರ್):
ಅಣ್ಣಾ, ನಮ್ಮ ಗಾಡಿಯಲ್ಲಿ ತೂತು ಇರುವುದು ಬಾಗಿಲಿನ ಮುಂದಿನ ಮೂಲೆಯಲ್ಲಿ, ಡ್ಯಾಶ್‌ಬೋರ್ಡ್ ಪಕ್ಕ. ಅದೂ ಹೊರಗೆ ಹೋಗುವುದಕ್ಕಾ?

ಉತ್ತರ:
ಇಲ್ಲ, ಅದು ಉಲ್ಟಾ. ಬಾಗಿಲು ಹಾಕಿದಾಗ ಡ್ಯಾಶ್‌ಬೋರ್ಡಿನ ಪಕ್ಕದ ಪೈಪ್ ಆ ತೂತಿಗೆ ಬಂದು ಕೂರುತ್ತದೆ. ಬ್ಲೋವರ್ ಗಾಳಿ ಬಾಗಿಲೊಳಗಿನ ಸಣ್ಣ ಕೊಳವೆಯಿಂದ ಮೇಲೆ ಹೋಗಿ ಪಕ್ಕದ ಗಾಜಿಗೆ ಹೊಡೆಯುತ್ತದೆ. ಬೀದರಿನ ಚಳಿಗೆ ಬೆಳಿಗ್ಗೆ ಗಾಜು ಮಂಜಾಗಿ ಸೈಡ್ ಕನ್ನಡಿ ಕಾಣುವುದಿಲ್ಲ, ಅದನ್ನು ಬಿಡಿಸಲು ಇದು ಬೇಕೇ ಬೇಕು. ಎರಡೂ ಕಡೆಯ ಸ್ಪಂಜ್ ಉಂಗುರ ಪುಡಿಯಾಗಿದ್ದರೆ ಗಾಳಿ ಸಂದಿಯಲ್ಲೇ ಸೋರಿಹೋಗುತ್ತದೆ. ಹೊಸ ಸ್ಪಂಜ್ ಅಂಟಿಸಿದರೆ ಸಾಕು.

ಪ್ರಶ್ನೆ ಕೇಳಿದವರು:
ಭಾನುವಾರ ಪ್ಯಾಡ್ ಬಿಚ್ಚುತ್ತೇನೆ ಕಾಕಾ. ಇನ್ನೇನಾದರೂ ನೋಡಬೇಕಾ?

ಉತ್ತರ:
ಹಾಳೆಯನ್ನು ಪೂರ್ತಿ ಕೀಳಬೇಡಿ. ಸೀಳಿನ ಎದುರಿಗೆ ಮಾತ್ರ, ಮೇಲ್ಭಾಗ ಬಿಟ್ಟು ಮೂರು ಕಡೆ ಕತ್ತರಿಸಿ. ಆ ತುಂಡು ಪರದೆ ಹಾಗೆ ಒಳಕ್ಕೆ, ತಗಡಿನ ಕಡೆಗೆ ಇಳಿಬಿದ್ದಿರಲಿ. ಗಾಳಿ ಹೋಗುತ್ತದೆ, ನೀರು ಈಚೆಗೆ ಹಾರುವುದಿಲ್ಲ. ಆಮೇಲೆ ಬಾಗಿಲಿನ ತಳದಂಚು ನೋಡಿ, ಅಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ನಮ್ಮ ಎರೆ ಮಣ್ಣು ಒಮ್ಮೆ ಒಣಗಿದರೆ ಅಲ್ಲಿ ಕಲ್ಲಾಗಿ ಕೂರುತ್ತದೆ. ನೀರು ಬಿಟ್ಟು ನೆನೆಸಿ, ಬಿದಿರು ಕಡ್ಡಿಯಿಂದ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಬೇಡಿ, ಬಣ್ಣ ಕಿತ್ತು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಪ್ಯಾಡ್‌ನ ಕ್ಲಿಪ್‌ಗಳು ಹಳೇವು, ನಾಲ್ಕೈದು ಮುರಿದೇ ಮುರಿಯುತ್ತವೆ. ಮೊದಲೇ ತಂದಿಟ್ಟುಕೊಂಡು ಕೆಲಸಕ್ಕೆ ಕೂರಿ.